ತಿಂಗಳಿಗೊಮ್ಮೆ ನರ್ಸಮ್ಮನ ಮುಂದೆ ತೋಳು ಚಾಚಿ



ರಾಸು ನೋಡಲು ನಿಮ್ಮ ಕೊಟ್ಟಿಗೆಗೆ ಬಂದಾಗಲೆಲ್ಲ ನೀವು ನನ್ನನ್ನು ಕೇಳುವ ಒಂದು ಮಾತಿದೆ. ಹಸುವಿಗೆ ಇಂಜೆಕ್ಷನ್ ಹಾಕಿ, ಕೈ ತೊಳೆದು, ಬ್ಯಾಗು ಮುಚ್ಚುವ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳುತ್ತೀರಿ: "ಮೇಡಂ, ಸೊಂಟ ನೋವು ತಡೆಯಕ್ಕಾಗ್ತಿಲ್ಲ. ನಿಮ್ ಬ್ಯಾಗಲ್ಲಿ ನಂಗೂ ಒಂದು ಮಾತ್ರೆ ಇದ್ರೆ ಕೊಟ್ಬಿಡಿ." ಪಕ್ಕದಲ್ಲಿದ್ದವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಮಾತ್ರೆ ಕೊಡುವುದಿಲ್ಲ. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಕೊಡುವ ಹಕ್ಕು ನನಗಿಲ್ಲ.

ಈಚೆಗೆ ನಾನು ಒಂದು ಪ್ರಶ್ನೆ ತಿರುಗಿ ಕೇಳಲು ಶುರು ಮಾಡಿದ್ದೇನೆ. "ಅಕ್ಕಾ, ನೀವು ಬಿಪಿ ನೋಡಿಸಿಕೊಂಡು ಎಷ್ಟು ದಿನ ಆಯ್ತು?" ತಾವರೆಕೆರೆ ಕಡೆಯ ಒಂದು ಊರಿನಲ್ಲಿ ಒಬ್ಬರು ಯೋಚನೆ ಮಾಡಿ ಹೇಳಿದರು: "ಚಿಕ್ಕ ಮಗ ಹುಟ್ಟಿದಾಗ ನೋಡಿದ್ರು ಅನ್ಸುತ್ತೆ." ಆ ಮಗ ಈಗ ಪಿಯುಸಿ ಓದುತ್ತಿದ್ದಾನೆ. ಅದೇ ತಾಯಿಯನ್ನು ಅವರ ಹಸುವಿನ ಬಗ್ಗೆ ಕೇಳಿ ನೋಡಿ. ಬೆದೆಗೆ ಬಂದದ್ದು ಯಾವತ್ತು, ಸೂಜಿ ಹಾಕಿಸಿದ್ದು ಯಾವತ್ತು, ಜಂತಿನ ಔಷಧಿ ಕುಡಿಸಿದ್ದು, ಕಾಲುಬಾಯಿ ಲಸಿಕೆ ಹಾಕಿಸಿದ್ದು, ಎಲ್ಲವೂ ಬಾಯಲ್ಲೇ ಇದೆ. ಹೋದ ವಾರ ಫ್ಯಾಟ್ ಎಷ್ಟು ಬಂತು ಎಂಬುದೂ ನೆನಪಿದೆ. ತಮ್ಮ ಮೈಯ ಲೆಕ್ಕ ಮಾತ್ರ ಎಲ್ಲೂ ಬರೆದಿಲ್ಲ.

ಈ ಸಲ ನಿಮ್ಮ ರಾಸಿನ ಬಗ್ಗೆ ಬಿಟ್ಟು ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ. ಹೇಳಬೇಕಾದ್ದು ಒಂದೇ ಮಾತು. ಬಿಪಿ, ಸಕ್ಕರೆ ಕಾಯಿಲೆಯಂಥ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗಳನ್ನು ಹದ್ದುಬಸ್ತಿನಲ್ಲಿ ಇಡುವುದು ದೊಡ್ಡಾಸ್ಪತ್ರೆಗೆ ವರ್ಷಕ್ಕೊಂದು ಸಲ ಹೋಗಿ ಬರುವುದರಿಂದ ಆಗುವುದಿಲ್ಲ. ನಿಮ್ಮ ಊರಿನ ಹತ್ತಿರವೇ ಇರುವ ನರ್ಸಮ್ಮ ತಿಂಗಳು ತಿಂಗಳು ನೋಡುವುದರಿಂದ ಆಗುತ್ತದೆ.

ಕಣ್ಣಿಗೆ ಕಾಣದ ಕೆಚ್ಚಲು ಬಾವಿನ ಬಗ್ಗೆ ನಾನು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಹಸು ಮೇವು ಬಿಟ್ಟಿರುವುದಿಲ್ಲ. ನಾಲ್ಕು ಬಟ್ಟಲಿನ ತಟ್ಟೆಗೆ ನಾಲ್ಕು ಮೊಲೆಯ ಹಾಲು ಹಿಂಡಿ, ದ್ರಾವಣ ಬೆರೆಸಿ ಅಲ್ಲಾಡಿಸಿದಾಗ ಒಂದು ಬಟ್ಟಲಿನ ಹಾಲು ಲೋಳೆಯಾದರೆ ಮಾತ್ರ ಗೊತ್ತಾಗುತ್ತದೆ. ಅಷ್ಟರಲ್ಲಿ ದಿನಕ್ಕೆ ಒಂದಿಷ್ಟು ಹಾಲು ಕಡಿಮೆಯಾಗಿರುತ್ತದೆ. "ಚೆನ್ನಾಗೇ ಇದೆಯಲ್ಲ" ಎಂದು ಬಿಟ್ಟರೆ ಆ ಮೊಲೆಯೇ ಹೋಗಬಹುದು. ಬಿಪಿಯೂ ಹಾಗೆಯೇ. ತಲೆನೋವು ಬಂದರೆ, ತಲೆ ಸುತ್ತಿದರೆ ಬಿಪಿ, ಇಲ್ಲದಿದ್ದರೆ ಇಲ್ಲ ಎಂದು ತುಂಬಾ ಜನ ತಿಳಿದಿದ್ದಾರೆ. ಬಹುಪಾಲು ಜನರಿಗೆ ಏನೂ ಅನ್ನಿಸುವುದಿಲ್ಲ. ಅಳೆದು ನೋಡದೆ ತಿಳಿಯುವುದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಶೇಕಡ 21ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿದೆ, ಇಲ್ಲವೇ ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಐದು ಜನರಲ್ಲಿ ಒಬ್ಬರು ಎಂದಾಯಿತು. ಬೆಳಗ್ಗೆ ಸಂಘದ ಮುಂದೆ ಕ್ಯಾನು ಹಿಡಿದು ನಿಂತ ಸಾಲನ್ನು ನೀವೇ ಎಣಿಸಿಕೊಳ್ಳಿ.

ಇದನ್ನೆಲ್ಲ ನಾನು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ನನ್ನ ತಾಯಿಯೂ ನಿಮ್ಮ ಹಾಗೆ ಸಂಘಕ್ಕೆ ಹಾಲು ಹಾಕಿದವರು. ನಾನು ಪಶುವೈದ್ಯ ಪದವಿ ಓದಿದ್ದು ಎರಡು ಸೀಮೆ ಹಸುವಿನ ಬಟವಾಡೆ ದುಡ್ಡಿನಲ್ಲಿ. ಅಮ್ಮನಿಗೆ ಬಿಪಿ ಇದೆ ಎಂದು ಪೇಟೆಯ ಒಂದು ಆಸ್ಪತ್ರೆಯಲ್ಲಿ ಹೇಳಿ ಒಂದು ತಿಂಗಳ ಮಾತ್ರೆ ಬರೆದುಕೊಟ್ಟಿದ್ದರು. ಅಮ್ಮ ನುಂಗಿದರು. ತಿಂಗಳಾಯಿತು, ಮಾತ್ರೆ ಮುಗಿಯಿತು. ಮತ್ತೆ ಹೋಗಬೇಕಾದರೆ ಬೆಳಗಿನ ಹಾಲು ಹಾಕಿ ಬಸ್ಸು ಹಿಡಿಯಬೇಕು, ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲಬೇಕು, ಸಂಜೆಯ ಹಾಲು ಕರೆಯುವುದರೊಳಗೆ ಮನೆ ಸೇರಬೇಕು. "ಈಗ ಹುಷಾರಾಗಿದೀನಲ್ಲ" ಎಂದು ಅಮ್ಮ ಸುಮ್ಮನಾದರು. ನಾನೂ ಕೇಳಲಿಲ್ಲ. ಊರೂರು ತಿರುಗಿ ರಾಸುಗಳ ಆರೋಗ್ಯ ಕಾರ್ಡು ನೋಡುತ್ತಿದ್ದ ನಾನು ಅಮ್ಮನ ಮಾತ್ರೆಯ ಹಾಳೆ ಒಂದು ದಿನವೂ ನೋಡಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಹಾಲು ಕರೆಯುವಾಗ ಅಮ್ಮನ ಬಲಗೈ ಮೊಲೆ ಹಿಡಿಯಲಿಲ್ಲ. ಫೋನು ಬಂದಾಗ ನಾನು ಬೇರೆ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದೆ. "ಕೈ ಜೋಮು ಹಿಡಿದೈತೆ ಕಣೇ" ಎಂದರು. "ಕೈ ಮೇಲೆ ಮಲಗಿರ್ತೀಯಮ್ಮ, ಸ್ವಲ್ಪ ಹೊತ್ತು ಬಿಡು, ಸಂಜೆ ಬರ್ತೀನಿ" ಎಂದೆ. ಸಂಜೆ ಹೋದಾಗ ಅಮ್ಮನ ಬಾಯಿ ಒಂದು ಕಡೆ ವಾಲಿತ್ತು. ಅದು ಲಕ್ವ. ಬೆಳಗ್ಗೆಯೇ ಕರೆದುಕೊಂಡು ಬಂದಿದ್ದರೆ ಇನ್ನೂ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದರು. ಅಮ್ಮ ಉಳಿದರು, ನಡೆಯುತ್ತಾರೆ, ಮಾತಾಡುತ್ತಾರೆ. ಆದರೆ ಆ ಬಲಗೈಗೆ ಹಾಲು ಕರೆಯುವ ಶಕ್ತಿ ಮತ್ತೆ ಬರಲಿಲ್ಲ. ಹಸುಗಳನ್ನು ಮಾರಿದೆವು. ಸಂಜೆಯ ಹೊತ್ತು ಸಂಘದ ಕಡೆ ಜನ ಹೋಗುವಾಗ ಅಮ್ಮ ಈಗಲೂ ಜಗಲಿಯಲ್ಲಿ ಕೂತು ನೋಡುತ್ತಾರೆ.

ಅದಾದ ಮೇಲೆ ನಮ್ಮೂರಿನ ಉಪಕೇಂದ್ರಕ್ಕೆ ಒಬ್ಬ ನರ್ಸಮ್ಮ ಬಂದರು. ಬಿಎಸ್ಸಿ ನರ್ಸಿಂಗ್ ಓದಿದ ಹುಡುಗಿ. ಅವರು ಅಮ್ಮನನ್ನು ಮೊದಲು ಕೇಳಿದ್ದು "ಮಾತ್ರೆ ತಗೋತೀರಾ?" ಎಂದಲ್ಲ. "ಬೆಳಗ್ಗೆ ಎಷ್ಟೊತ್ತಿಗೆ ಏಳ್ತೀರಾ? ಮೊದಲು ಏನು ಮಾಡ್ತೀರಾ?" ಎಂದು ಕೇಳಿದರು. ಹಿಂದೆ ಚೀಟಿಯಲ್ಲಿ "ತಿಂಡಿ ಆದ ಮೇಲೆ" ಎಂದು ಬರೆದಿದ್ದರಂತೆ. ಹಾಲು ಹಾಕಿ, ಕೊಟ್ಟಿಗೆ ಬಾಚಿ, ಹುಲ್ಲು ತರುವ ಹೆಂಗಸಿಗೆ ತಿಂಡಿ ಆಗುವುದು ಹನ್ನೊಂದು ಗಂಟೆಗೆ. ಎಷ್ಟೋ ದಿನ ಆಗುವುದೇ ಇಲ್ಲ. ತಿಂಡಿ ತಪ್ಪಿದ ದಿನ ಮಾತ್ರೆಯೂ ತಪ್ಪುತ್ತಿತ್ತು. ನರ್ಸಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನು ಮಾಡಿ ಕೇಳಿ, ಈ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ತೆಗೆದುಕೊಂಡರೂ ಆಗುತ್ತದೆ ಎಂದು ತಿಳಿಸಿದರು. ಅಮ್ಮನ ಡಬ್ಬಿಯಲ್ಲಿದ್ದ ನೋವಿನ ಮಾತ್ರೆಗಳನ್ನು ನೋಡಿ, ಅವನ್ನು ದಿನಾ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿಗೂ ಪೆಟ್ಟು ಎಂದು ಹೇಳಿದ್ದೂ ಅವರೇ. ಇಷ್ಟಕ್ಕೆ ಹಿಡಿದದ್ದು ಕಾಲು ಗಂಟೆ. ಅಷ್ಟು ಹೊತ್ತು ಅಮ್ಮನ ಜೊತೆ ಕೂತು ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ, ನಾನೂ ಸೇರಿ.

ಇಂಥ ನರ್ಸಮ್ಮಂದಿರು ಎಲ್ಲಿಂದ ಬಂದರು ಎಂದು ನಿಮಗೆ ಗೊತ್ತಿರಲಿ. 2018ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಹಳ್ಳಿಗಳ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮಾಡಲು ಹೊರಟಿತು. ಈಗ ಅವುಗಳ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿರುತ್ತದೆ. ಬಯಲುಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಇರಬೇಕೆಂಬುದು ಲೆಕ್ಕ. ಅಲ್ಲಿಗೆ ನರ್ಸಿಂಗ್ ಓದಿ ಹೆಚ್ಚಿನ ತರಬೇತಿ ಪಡೆದವರನ್ನು ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ, ಎಂದು ನೇಮಿಸುತ್ತಾರೆ. ಹೆರಿಗೆ, ಲಸಿಕೆ ನೋಡಿಕೊಳ್ಳುವ ಸಿಸ್ಟರ್ ಬೇರೆ, ಇವರು ಬೇರೆ. 30 ವರ್ಷ ದಾಟಿದವರಿಗೆಲ್ಲ ಬಿಪಿ, ಸಕ್ಕರೆ ಪರೀಕ್ಷೆ ಮಾಡುವುದು, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿನ ಗುರುತು ಹುಡುಕುವುದು, ಕಾಯಿಲೆ ಇದ್ದವರನ್ನು ತಿಂಗಳು ತಿಂಗಳು ನೋಡುವುದು ಇವರ ಕೆಲಸ.

ಹೊರದೇಶಗಳಲ್ಲಿ ಇದು ಹಳೆಯ ಪದ್ಧತಿ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ತರಬೇತಿ ಶುರು ಮಾಡಿದರು. ಡಾಕ್ಟರು ಸಿಗದ ಕಡೆ ನರ್ಸ್ ರೋಗಿಯನ್ನು ಪರೀಕ್ಷಿಸಿ ನೋಡಿಕೊಳ್ಳುವಂತೆ ಕಲಿಸುವುದು ಅದರ ಉದ್ದೇಶ. ನಮ್ಮ ದೇಶದ 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ನರ್ಸ್ ಪ್ರಾಕ್ಟೀಷನರ್‌ಗಳು ಬೇಕೆಂದು ಹೇಳಿದೆ. ನಮ್ಮ ಸಿಎಚ್‌ಒಗೆ ಅಷ್ಟು ಅಧಿಕಾರ ಇಲ್ಲ. ಆದರೆ ನಿಮ್ಮ ಊರಿನ ಮಟ್ಟಿಗೆ ಆ ಕೆಲಸಕ್ಕೆ ತೀರ ಹತ್ತಿರದ ಕೆಲಸ ಮಾಡುತ್ತಿರುವವರು ಅವರೇ.

"ನರ್ಸಮ್ಮ ಡಾಕ್ಟರಲ್ಲವಲ್ಲ, ಅವರ ಹತ್ತಿರ ಯಾಕೆ ಹೋಗಬೇಕು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ನಿಮ್ಮ ಸಂಘದಲ್ಲೇ ಇದೆ. ಕೃತಕ ಗರ್ಭಧಾರಣೆ ಮಾಡಿ ಪ್ರಥಮ ಚಿಕಿತ್ಸೆ ಕೊಡುವ ಕಾರ್ಯಕರ್ತರು ಪಶುವೈದ್ಯರಲ್ಲ. ಆದರೂ ಬೆದೆ ಕಂಡಾಗ ನೀವು ಕರೆಯುವುದು ಅವರನ್ನೇ. ಕರು ಅಡ್ಡ ಸಿಕ್ಕಿಕೊಂಡಾಗ, ಹಸು ಕರು ಹಾಕಿ ಮೇಲೇಳದಿದ್ದಾಗ ಅವರೇ ನನಗೆ ಫೋನು ಮಾಡುತ್ತಾರೆ. ಅವರಿಲ್ಲದೆ ಒಬ್ಬ ಪಶುವೈದ್ಯ ಇಷ್ಟು ಸಂಘಗಳನ್ನು ನೋಡಲು ಸಾಧ್ಯವೇ ಇಲ್ಲ. ನರ್ಸಮ್ಮನ ಕೆಲಸವೂ ಹೀಗೆಯೇ. ಕಾಯಿಲೆ ಇದೆ ಎಂದು ಖಚಿತ ಮಾಡಿ ಮೊದಲ ಮಾತ್ರೆ ಬರೆಯುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು. ಆ ಮಾತ್ರೆಯನ್ನು ಊರಿನಲ್ಲೇ ಕೊಡುವುದು, ಬಿಪಿ ಇಳಿಯಿತೇ ಎಂದು ನೋಡುವುದು, ಇಳಿಯದಿದ್ದರೆ ಡಾಕ್ಟರಿಗೆ ತಿಳಿಸುವುದು, ಇ-ಸಂಜೀವಿನಿಯಲ್ಲಿ ಡಾಕ್ಟರೊಂದಿಗೆ ಮಾತಾಡಿಸುವುದು, ಮಾತ್ರೆ ಬಿಟ್ಟವರನ್ನು ಹುಡುಕಿಕೊಂಡು ಹೋಗುವುದು ನರ್ಸಮ್ಮ. ಈ ಕಾಯಿಲೆಗಳಲ್ಲಿ ಮೊದಲನೆಯದು ಒಂದು ದಿನದ ಕೆಲಸ, ಎರಡನೆಯದು ಇಪ್ಪತ್ತು ವರ್ಷದ ಕೆಲಸ.

ನಿಮಗೆ ಇಷ್ಟು ಲೆಕ್ಕ ತಿಳಿದಿದ್ದರೆ ಸಾಕು. ಬಿಪಿಯ ಮೇಲಿನ ಸಂಖ್ಯೆ 140 ಅಥವಾ ಕೆಳಗಿನ ಸಂಖ್ಯೆ 90 ಮುಟ್ಟಿದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. 180 ಅಥವಾ 110 ಮುಟ್ಟಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು, ಕ್ಯಾನು ಹೊತ್ತು ಬಂದ ಕೂಡಲೇ ತೋಳು ಕೊಡಬಾರದು. ಉಪ್ಪು ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ದಾಟಬಾರದು. ಮುದ್ದೆಯ ಪಕ್ಕದ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಅದರಲ್ಲೇ ಸೇರಿತು. ಅತ್ತಿಗೆಯ ಮಾತ್ರೆ ನಾದಿನಿಗೆ ಆಗುವುದಿಲ್ಲ. ಒಂದೇ ಪಟ್ಟಿಯಲ್ಲಿ ಇಬ್ಬರು ಹಂಚಿ ನುಂಗುವುದನ್ನು ನಾನೇ ಕಂಡಿದ್ದೇನೆ, ದಯವಿಟ್ಟು ಬಿಡಿ. ಬಿಪಿ ಸರಿಹೋಯಿತು ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅರ್ಥ. ಬಿಡಬಹುದು ಎಂದು ಅರ್ಥವಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ನೀವು ಬರಿಗಾಲಲ್ಲಿ ಸಗಣಿ, ಗಂಜಳದಲ್ಲಿ ನಿಲ್ಲುತ್ತೀರಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕಡಿಮೆಯಾಗಿ ಮುಳ್ಳು ಚುಚ್ಚಿದ್ದೂ ತಿಳಿಯದೆ ಹೋಗಬಹುದು. ಕೊಟ್ಟಿಗೆಗೆ ರಬ್ಬರ್ ಬೂಟು ಅಥವಾ ಮುಚ್ಚಿದ ಚಪ್ಪಲಿ ಇಟ್ಟುಕೊಳ್ಳಿ. ರಾತ್ರಿ ಮಲಗುವ ಮೊದಲು ಪಾದ ತೊಳೆದು ಒರೆಸಿ, ಬೆರಳ ಸಂದು ನೋಡಿ. ಗಾಯ ಕಂಡರೆ ಅರಿಶಿನ ಮೆತ್ತಿ ಕೂರಬೇಡಿ, ನರ್ಸಮ್ಮನಿಗೆ ತೋರಿಸಿ.

ಕೆಲವಕ್ಕೆ ಮಾತ್ರ ನರ್ಸಮ್ಮನನ್ನೂ ಕಾಯಬಾರದು. ಬಾಯಿ ವಾಲಿದರೆ, ಒಂದು ಕೈ ಅಥವಾ ಕಾಲು ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡರೆ, ಮಾತು ತೊದಲಿದರೆ, ಎದೆ ಹಿಂಡಿದಂತಾಗಿ ಬೆವರಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸಂಜೆಯವರೆಗೆ ಕಾಯಿರಿ ಎಂದು ಯಾರೇ ಹೇಳಿದರೂ, ಓದಿದ ಮಗಳೇ ಹೇಳಿದರೂ, ಕೇಳಬೇಡಿ.

ವ್ಯವಸ್ಥೆಯಲ್ಲಿ ಕುಂದೇ ಇಲ್ಲ ಎಂದು ನಾನು ಹೇಳುವುದಿಲ್ಲ. ನರ್ಸಮ್ಮಂದಿರನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿರುವುದರಿಂದ ಕೆಲವರು ಬೇರೆ ಕೆಲಸ ಸಿಕ್ಕಿದ ಕೂಡಲೇ ಬಿಟ್ಟು ಹೋಗುತ್ತಾರೆ. ಮೊಬೈಲಿನಲ್ಲಿ ತುಂಬಬೇಕಾದ ಲೆಕ್ಕಗಳೇ ಅವರ ಅರ್ಧ ದಿನ ತಿನ್ನುತ್ತವೆ. ಒಂದೊಂದು ತಿಂಗಳು ಮಾತ್ರೆಯೇ ಬಂದಿರುವುದಿಲ್ಲ. ಎರಡು ಸಲ ಬರಿಗೈಲಿ ಹಿಂದಿರುಗಿದ ಹೆಂಗಸು ಮೂರನೇ ಸಲ ಹೋಗುವುದಿಲ್ಲ, ಅದು ಅವಳ ತಪ್ಪಲ್ಲ. ಮಾತ್ರೆ ಇಲ್ಲದಿದ್ದರೆ ಪಂಚಾಯಿತಿ ಸಭೆಯಲ್ಲಿ ಕೇಳಿ. ಪಶು ಆಹಾರ ತಡವಾದರೆ ನೀವು ಸಂಘದಲ್ಲಿ ಗಟ್ಟಿಯಾಗಿ ಕೇಳುವುದಿಲ್ಲವೇ? ಅಷ್ಟೇ ಗಟ್ಟಿಯಾಗಿ ಕೇಳಿ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಗೃಹ ಆರೋಗ್ಯ ಯೋಜನೆ ಶುರು ಮಾಡಿ, ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದೆ. ಮನೆ ಬಾಗಿಲಿಗೆ ಬಂದು ಪರೀಕ್ಷಿಸಿ ಬಿಪಿ, ಸಕ್ಕರೆ ಮಾತ್ರೆ ಕೊಡುವುದು ಅದರ ಉದ್ದೇಶ. ನಿಮ್ಮ ಬೀದಿಗೆ ಬಂದಿದ್ದಾರೆಯೇ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಕೆಂಗೇರಿ ಉಪನಗರ, ವಿಜಯನಗರ, ಬಸವೇಶ್ವರನಗರದ ಕಡೆ ಮನೆ ಮಾಡಿರುವ ನಿಮ್ಮ ಮಕ್ಕಳು, ಸೊಸೆಯಂದಿರಿಗೆ 2022-23ರಲ್ಲಿ ತೆರೆದ ನಮ್ಮ ಕ್ಲಿನಿಕ್‌ಗಳಿವೆ. ಅಲ್ಲಿ ಡಾಕ್ಟರು, ನರ್ಸ್ ಇಬ್ಬರೂ ಇರುತ್ತಾರೆ.

"ನಮಗೆ ಯಶಸ್ವಿನಿ ಇದೆಯಲ್ಲ" ಎಂದು ಕೆಲವರು ಹೇಳುತ್ತೀರಿ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿ ಶುರುವಾಗಿ, 2018ರಲ್ಲಿ ನಿಂತು, 2022ರ ಕೊನೆಯಲ್ಲಿ ಮತ್ತೆ ನೋಂದಣಿ ತೆರೆದ ಯೋಜನೆ ಅದು. ಅದನ್ನು ತಪ್ಪದೆ ಮಾಡಿಸಿ. ಆದರೆ ಯಶಸ್ವಿನಿ ನೆರವಿಗೆ ಬರುವುದು ಆಸ್ಪತ್ರೆ ಸೇರಿ ಆಪರೇಷನ್‌ನಂಥ ದೊಡ್ಡ ಚಿಕಿತ್ಸೆ ಪಡೆಯುವಾಗ. ಆಸ್ಪತ್ರೆ ಸೇರುವ ಸ್ಥಿತಿ ಬಾರದಂತೆ ತಿಂಗಳು ತಿಂಗಳು ಕಾಯುವ ಕೆಲಸ ಆ ಕಾರ್ಡಿನಿಂದ ಆಗದು.

ಕೊನೆಯದಾಗಿ, ನಮ್ಮ ಒಕ್ಕೂಟಕ್ಕೂ ಸಂಘಗಳಿಗೂ ನನ್ನದೊಂದು ಕೋರಿಕೆ. ಉಪಕೇಂದ್ರ ತೆರೆದಿರುವ ಹೊತ್ತಿನಲ್ಲಿ ನೀವು ಹುಲ್ಲು ಕೊಯ್ಯುತ್ತಿರುತ್ತೀರಿ. ನೀವು ತಪ್ಪದೆ ಒಂದು ಕಡೆ ಸೇರುವುದು ಹಾಲು ಹಾಕುವ ಹೊತ್ತಿನಲ್ಲಿ ಮಾತ್ರ. ಅದಕ್ಕೆ, ತಿಂಗಳಿಗೆ ಒಂದು ಬಟವಾಡೆ ದಿನ ನರ್ಸಮ್ಮನನ್ನು ಸಂಘಕ್ಕೇ ಕರೆಸೋಣ. ಸಂಘದವರು ಒಂದು ಮೇಜು, ಎರಡು ಕುರ್ಚಿ, ಒಂದು ಲೋಟ ಕಾಫಿ ಕೊಟ್ಟರೆ ಸಾಕು. ಹಾಲಿನ ಪಾಸ್ ಪುಸ್ತಕದ ಜೊತೆಗೆ ಒಂದು ಬಿಪಿ ಕಾರ್ಡು ಇರಲಿ. ಆದರೆ ಫ್ಯಾಟ್ ಕೂಗಿದ ಹಾಗೆ ಬಿಪಿ ಕೂಗಬಾರದು. ಮೇಜು ಒಳಗಿನ ಕೋಣೆಯಲ್ಲಿರಲಿ. ತನಗೆ ಸಕ್ಕರೆ ಕಾಯಿಲೆ ಇರುವುದು ಅತ್ತೆಗೋ ಬೀಗರಿಗೋ ಗೊತ್ತಾಗುವುದು ಬೇಡ ಎನ್ನುವವರು ನಮ್ಮಲ್ಲಿದ್ದಾರೆ, ಅವರ ಮರ್ಯಾದೆ ಕಾಯುವುದು ನಮ್ಮ ಕೆಲಸ. ಮಹಿಳಾ ಸಂಘಗಳೇ ಇದನ್ನು ಮೊದಲು ಮಾಡಿ ತೋರಿಸಲಿ ಎಂದು ನನ್ನ ಆಸೆ. ಯಾವ ಸಂಘ ಒಪ್ಪಿದರೂ ಆ ದಿನ ನಾನೂ ಬರುತ್ತೇನೆ, ನೀವು ತೋಳು ಕೊಡುವ ಹೊತ್ತಿನಲ್ಲಿ ನಿಮ್ಮ ಹಸುಗಳ ಹಾಲು ಪರೀಕ್ಷೆ ಮಾಡಿಕೊಡುತ್ತೇನೆ.

ಅಲ್ಲಿಯವರೆಗೆ ಕಾಯಬೇಡಿ. ಈ ವಾರದಲ್ಲೇ ಒಂದು ದಿನ, ಬೆಳಗಿನ ಹಾಲು ಹಾಕಿ ಕೊಟ್ಟಿಗೆ ಕೆಲಸ ಮುಗಿಸಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಉಪಕೇಂದ್ರಕ್ಕೆ ಹೋಗಿ ಬನ್ನಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ನೋವಿನ ಮಾತ್ರೆಯೂ ಸೇರಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಮುಂದಿನ ಸಲ ನಿಮ್ಮ ಕೊಟ್ಟಿಗೆಗೆ ಬಂದಾಗ ನಾನು ಹಸುವಿನ ಕಾರ್ಡಿನ ಜೊತೆ ನಿಮ್ಮ ಕಾರ್ಡನ್ನೂ ಕೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನನ್ನು ಕೇಳದೆ ಬಿಟ್ಟವಳು ನಾನು, ನಿಮ್ಮನ್ನಾದರೂ ಕೇಳುತ್ತೇನೆ.

ನಿಮ್ಮ ಪಶುವೈದ್ಯಾಧಿಕಾರಿ